ಪೆನ್ನಿ ಡಬ್ಬಿ ಹರಾಜಿಗೆ ಹೋದ ಏಳು ತಿಂಗಳು

ಕಳೆದ ಮಂಗಳವಾರ ಬೆಳಗ್ಗೆ ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ ಬ್ಯಾಂಕಿನಿಂದ ಸಂದೇಶ ಬಂತು: 439 ಪೌಂಡ್ 60 ಪೆನ್ಸ್ ಜಮಾ. ಶೂ ಹಾಕಿಕೊಳ್ಳುತ್ತಿದ್ದವಳು ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಜನವರಿಯಲ್ಲಿ ಕೈಹಾಕಿದ ಕೆಲಸ ಆಗಸ್ಟಿನಲ್ಲಿ ಮುಗಿದಿತ್ತು. 264 ಹಳೆಯ ಬ್ರಿಟಿಷ್ ಪೆನ್ನಿಗಳು, ಎರಡೂವರೆ ಕಿಲೋ ಕಂಚು, ಹತ್ತು ಲಾಟ್ (ಹರಾಜಿನಲ್ಲಿ ಒಮ್ಮೆಗೆ ಕೂಗುವ ಗುಂಪಿಗೆ ಲಾಟ್ ಅನ್ನುತ್ತಾರೆ). ಈ ಏಳು ತಿಂಗಳಲ್ಲಿ "ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ!" ಅಂತ ಎಷ್ಟು ಸಲ ಅನಿಸಿತೋ ಲೆಕ್ಕವಿಲ್ಲ. ಇಂಗ್ಲೆಂಡಿನಲ್ಲಿರುವ ನಮ್ಮವರ ಎಷ್ಟೋ ಮನೆಗಳಲ್ಲಿ ಇಂಥದ್ದೊಂದು ಡಬ್ಬಿ ಇದೆ ಅಂತ ನನಗೆ ಗೊತ್ತು. ಅವರಿಗಾಗಿ, ಎಲ್ಲ ಹಸಿಯಾಗಿ ನೆನಪಿರುವಾಗಲೇ ಬರೆಯುತ್ತಿದ್ದೇನೆ.

ನಾನು ಬಳ್ಳಾರಿಯವಳು. ಒಂಬತ್ತು ವರ್ಷದಿಂದ ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್‌ನಲ್ಲಿದ್ದೇನೆ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ನಮ್ಮ ಪಕ್ಕದ ಮನೆಯ ಅಜ್ಜಿ ವೃದ್ಧಾಶ್ರಮಕ್ಕೆ ಹೊರಡುವ ಮುನ್ನ ಮನೆ ಖಾಲಿ ಮಾಡುತ್ತಿದ್ದಾಗ ನಾನು ಪೆಟ್ಟಿಗೆ ಕಟ್ಟಲು ಹೋಗಿದ್ದೆ. ಆಗ ಒಂದು ಟಾಫಿ ಡಬ್ಬಿಯನ್ನು ನನ್ನ ಕೈಗಿಟ್ಟರು. ಎತ್ತಲು ಹೋದರೆ ಕೈ ಜಗ್ಗಿತು. ಒಳಗೆ 287 ಪೆನ್ನಿಗಳು.

ಅವರ ಗಂಡ ಬಸ್ ಕಂಡಕ್ಟರ್ ಆಗಿದ್ದವರು. ಆಗ ಒಂದು ಪೌಂಡಿಗೆ 20 ಶಿಲಿಂಗ್, ಒಂದು ಶಿಲಿಂಗಿಗೆ 12 ಪೆನ್ನಿ, ಒಟ್ಟು 240. ನಮ್ಮಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದ ಹಾಗೆ. ನಾವು 1957ರಲ್ಲೇ ಆ ಲೆಕ್ಕ ಬಿಟ್ಟೆವು. ಬ್ರಿಟನ್ ಬಿಟ್ಟದ್ದು 1971ರ ಫೆಬ್ರವರಿ 15ರಂದು. ಅದೇ ವರ್ಷ ಆಗಸ್ಟ್ 31ಕ್ಕೆ ಹಳೆಯ ಪೆನ್ನಿ ಚಲಾವಣೆಯಿಂದ ಹೋಯಿತು. ಅಲ್ಲಿಯವರೆಗೂ 1860ರ ವಿಕ್ಟೋರಿಯಾ ಪೆನ್ನಿ ಕೂಡ ಅಂಗಡಿಯಲ್ಲಿ ನಡೆಯುತ್ತಿತ್ತು. ಹಾಗಾಗಿ ಕಂಡಕ್ಟರ್ ಚೀಲಕ್ಕೆ ನೂರು ವರ್ಷದ ನಾಣ್ಯಗಳೆಲ್ಲ ಬಂದು ಬೀಳುತ್ತಿದ್ದವು. ಅವರು ರಾತ್ರಿ ಲೆಕ್ಕ ಕೊಡುವಾಗ ತಮಗೆ ಬೇಕಾದದ್ದನ್ನು ಆರಿಸಿಕೊಂಡು, ಅದರ ಬದಲಿಗೆ ಜೇಬಿನ ಪೆನ್ನಿ ಹಾಕುತ್ತಿದ್ದರಂತೆ. ಅಜ್ಜಿ ಇದನ್ನು ಹೇಳುವಾಗ ನಗುತ್ತಿದ್ದರು. ನನಗೆ ಆ ಡಬ್ಬಿಯನ್ನು ಮೂಲೆಗಿಡಲು ಮನಸ್ಸು ಬರಲಿಲ್ಲ.

ಅದರಿಂದ ಹತ್ತಿದ ಗೀಳು ಇದು. ನಾನಿರುವ ಜಾಗವೂ ಅದಕ್ಕೆ ಗಾಳಿ ಹಾಕಿತು ಅನ್ನಬೇಕು. ನಾನು ಕರಿಬೇವು, ಕೊತ್ತಂಬರಿ ತರುವ ಸೋಹೋ ರೋಡಿಗೆ ಸಮೀಪದಲ್ಲೇ ಹದಿನೆಂಟನೇ ಶತಮಾನದ ಉದ್ಯಮಿ ಮ್ಯಾಥ್ಯೂ ಬೋಲ್ಟನ್ನನ ಸೋಹೋ ಟಂಕಸಾಲೆ ಇತ್ತು. ಉಗಿಯಂತ್ರದಿಂದ ನಾಣ್ಯ ಒತ್ತಿದ ಜಾಗ. 1797ರ 'ಕಾರ್ಟ್‌ವೀಲ್' ಪೆನ್ನಿ ಹುಟ್ಟಿದ್ದು ಅಲ್ಲೇ. ಬಂಡಿ ಚಕ್ರದ ಹಾಗೆ ದಪ್ಪ ಅಂಚು, ಆ ಅಂಚಿನೊಳಗೆ ಕೊರೆದ ಅಕ್ಷರ, ತೂಕ ಸರಿಯಾಗಿ ಒಂದು ಔನ್ಸ್. ಹದಿನಾರು ಪೆನ್ನಿ ಇಟ್ಟರೆ ಒಂದು ಪೌಂಡ್ ತೂಕ. ಅದೇ ಟಂಕಸಾಲೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ 1808ರಲ್ಲಿ ಮದ್ರಾಸ್ ಪ್ರಾಂತ್ಯದ ಹತ್ತು ಕಾಸು, ಇಪ್ಪತ್ತು ಕಾಸಿನ ನಾಣ್ಯಗಳೂ ಆದವು. ಅವನ್ನು ಹೊತ್ತು ಹೊರಟ 'ಅಡ್ಮಿರಲ್ ಗಾರ್ಡ್ನರ್' ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ದಡದಲ್ಲೇ, ಗುಡ್ವಿನ್ ಮರಳುದಿಬ್ಬಕ್ಕೆ ಸಿಕ್ಕಿ ಮುಳುಗಿತು. ನಮ್ಮ ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಈ ಬೀದಿಯ ಹತ್ತಿರ ಒತ್ತಿದ ಕಾಸು ನನ್ನ ಊರ ಕಡೆಗೆ ಹೊರಟಿತ್ತು ಅಂತ ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಸೋಹೋ ಟಂಕಸಾಲೆಯ ಯಂತ್ರಗಳನ್ನು 1850ರಲ್ಲಿ ಹರಾಜು ಹಾಕಿದಾಗ ಕೊಂಡವನು ಇದೇ ಊರಿನ ರಾಲ್ಫ್ ಹೀಟನ್. ಮುಂದೆ ಲಂಡನ್ ಟಂಕಸಾಲೆಗೆ ಕೆಲಸ ಮೀರಿದಾಗಲೆಲ್ಲ ಪೆನ್ನಿ ಒತ್ತಿಕೊಟ್ಟದ್ದು ಹೀಟನ್ನನ ಕಾರ್ಖಾನೆ. ಅಂಥ ನಾಣ್ಯಗಳ ಮೇಲೆ ಪುಟ್ಟದೊಂದು 'ಎಚ್' ಇರುತ್ತದೆ. ಈ 'ಎಚ್' ನನ್ನನ್ನು ಆಮೇಲೆ ಬಹಳ ಕಾಡಿತು, ಹೇಳುತ್ತೇನೆ.

ಮಾರುವ ಮುಂಚೆ ಕೊಂಡ ಕಥೆಯೂ ಒಂದಿದೆ. ಗೀಳು ಹತ್ತಿದ ಎರಡನೇ ವರ್ಷ ಆನ್‌ಲೈನ್ ಹರಾಜಿನಲ್ಲಿ ವಿಕ್ಟೋರಿಯಾ ಪೆನ್ನಿಯೊಂದಕ್ಕೆ 60 ಪೌಂಡ್ ಕೂಗಿದೆ. ನನಗೇ ನಿಂತಿತು. ಸಂಭ್ರಮದಲ್ಲಿದ್ದಾಗ ಬಿಲ್ಲು ಬಂತು: 77 ಪೌಂಡ್ 28 ಪೆನ್ಸ್, ಅಂಚೆಗೆ ಮತ್ತೆ 12. ಹರಾಜುಗಾರ ಸುತ್ತಿಗೆ ಬಡಿದು ನಿಲ್ಲಿಸಿದ ಬೆಲೆಯ ಮೇಲೆ ಕೊಳ್ಳುವವರ ಪ್ರೀಮಿಯಂ ಅಂತ 24 ಶೇಕಡಾ, ಆ ಪ್ರೀಮಿಯಮ್ಮಿನ ಮೇಲೆ 20 ಶೇಕಡಾ ವ್ಯಾಟ್. ಎರಡೂ ಸೇರಿ ನೂರಕ್ಕೆ 28.80. ಈ ಪ್ರಮಾಣ ಒಂದೊಂದು ಸಂಸ್ಥೆಯಲ್ಲಿ ಒಂದೊಂದು ಥರ ಇರುತ್ತದೆ, ಷರತ್ತಿನ ಪುಟದಲ್ಲಿ ಬರೆದೂ ಇರುತ್ತದೆ. ನಾನು ಓದಿರಲಿಲ್ಲ. ಅದು ಹೋಗಲಿ. ನಾಣ್ಯ ಕೈಗೆ ಬಂದಾಗ ಫೋಟೋದಲ್ಲಿ ಹೊಳೆದ ಕೆಂಪು ಬಣ್ಣ ಸಹಜವಾದದ್ದಲ್ಲ ಅಂತ ಗೊತ್ತಾಯಿತು. ಯಾರೋ ತಿಕ್ಕಿದ್ದರು. ಲೆನ್ಸ್ ಇಟ್ಟು ನೋಡಿದರೆ ರಾಣಿಯ ಕೆನ್ನೆಯ ಮೇಲೆ ಕೂದಲೆಳೆಯಂಥ ಗೆರೆಗಳು ಒಂದೇ ದಿಕ್ಕಿಗೆ ಹರಿದಿದ್ದವು.

ಕೊಳ್ಳುವವರಿಗೆ ಮೂರು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗರಿಷ್ಠ ಎಷ್ಟು ಕೊಡಬಲ್ಲಿರಿ ಅಂತ ಮೊದಲೇ ಬರೆದಿಟ್ಟುಕೊಂಡು, ಅದನ್ನು 1.29ರಿಂದ ಭಾಗಿಸಿ, ಬಂದ ಮೊತ್ತಕ್ಕೆ ಕೂಗು ನಿಲ್ಲಿಸಿ. ಬದಿಯಿಂದ ಬೆಳಕು ಬಿಟ್ಟು ತೆಗೆದ ಇನ್ನೊಂದು ಫೋಟೋ ಕೇಳಿ. ಕೇಳಿದರೆ ಕಳಿಸುತ್ತಾರೆ. ಮತ್ತೆ, 'ಫೈನ್' ಅನ್ನುವ ಪದ ನೋಡಿ ಚೆನ್ನಾಗಿದೆ ಅಂದುಕೊಳ್ಳಬೇಡಿ. ಇಲ್ಲಿನ ಶ್ರೇಣಿಯಲ್ಲಿ 'ಫೈನ್' ಅಂದರೆ ಸಾಕಷ್ಟು ಸವೆದದ್ದು. ಅದರ ಮೇಲೆ 'ವೆರಿ ಫೈನ್', ಅದರ ಮೇಲೆ 'ಎಕ್ಸ್‌ಟ್ರೀಮ್ಲಿ ಫೈನ್', ಎಲ್ಲಕ್ಕಿಂತ ಮೇಲೆ ಚಲಾವಣೆಯನ್ನೇ ಕಾಣದ 'ಅನ್‌ಸರ್ಕ್ಯುಲೇಟೆಡ್'. ಒಂದು ಮೆಟ್ಟಿಲು ಏರಿದರೆ ಬೆಲೆ ಎರಡು ಮೂರು ಪಟ್ಟಾಗಬಹುದು. ಅಚ್ಚಿನಿಂದ ಈಗ ತಾನೇ ಬಿದ್ದಂತಿರುವ ಆ ಕಿತ್ತಳೆ ಹೊಳಪು, ಇಲ್ಲಿನವರು 'ಲಸ್ಟರ್' ಅನ್ನುವುದು, ಉಳಿದಿದ್ದರೆ ಇನ್ನೂ ಹೆಚ್ಚು.

ಈ ಹೊಳಪಿನ ಮಾತು ಬಂದಾಗಲೆಲ್ಲ ನನಗೆ 2022ರ ದೀಪಾವಳಿ ನೆನಪಾಗುತ್ತದೆ. ಅವ್ವ ಬಳ್ಳಾರಿಯಿಂದ ಬಂದು ಆರು ತಿಂಗಳು ನಮ್ಮ ಜೊತೆಗಿದ್ದಳು. ಲಕ್ಷ್ಮೀಪೂಜೆಯ ದಿನ ನಾನು ರಾತ್ರಿ ಪಾಳಿ ಮುಗಿಸಿ ಬರುವಷ್ಟರಲ್ಲಿ ದೇವರ ಮುಂದೆ ತಟ್ಟೆಯಲ್ಲಿ ಹದಿನಾಲ್ಕು ಪೆನ್ನಿ ಸಾಲಾಗಿ ಇಟ್ಟಿದ್ದಳು. ಒಂದೊಂದೂ ಹೊಸ ತಾಮ್ರದ ಚೊಂಬಿನ ಹಾಗೆ. "ಎಷ್ಟ್ ಕರ್ರಗಾಗಿದ್ದವು, ಹುಣಸಿಹಣ್ಣು ಉಪ್ಪು ಹಚ್ಚಿ ತಿಕ್ಕೀನಿ, ನೋಡೀಗ ಹೆಂಗ ಥಳಥಳ ಅಂತಾವ" ಅಂದಳು. ನಮ್ಮ ಮನೆಯಲ್ಲಿ ತಾಮ್ರ ಅಂದರೆ ಹಾಗೇ ತಿಕ್ಕುವುದು. ನಾನೂ ಹುಡುಗಿಯಾಗಿದ್ದಾಗ ಎಷ್ಟು ಬಿಂದಿಗೆ ಹಾಗೆ ತಿಕ್ಕಿದ್ದೇನೆ.

ಆ ಹದಿನಾಲ್ಕರಲ್ಲಿ 1864ರದ್ದೊಂದು ಇತ್ತು. ಆ ವರ್ಷದ ಪೆನ್ನಿ ಒಳ್ಳೆಯ ಸ್ಥಿತಿಯಲ್ಲಿ ಸಿಗುವುದು ಕಷ್ಟ. ಹಿಂದಿನ ತಿಂಗಳಷ್ಟೇ ನಾಣ್ಯ ಮೇಳದಲ್ಲಿ ವ್ಯಾಪಾರಿಯೊಬ್ಬರು ಅದಕ್ಕೆ 150 ಪೌಂಡ್ ಹೇಳಿದ್ದರು. ತಿಕ್ಕಿದ ಮೇಲೆ ಅದೇ ವ್ಯಾಪಾರಿ ಕನ್ನಡಕ ಸರಿಮಾಡಿಕೊಂಡು ನೋಡಿ, ನನ್ನ ಮುಖವನ್ನೂ ನೋಡಿ, 15 ಅಂದರು. ಹುಣಸೆಯ ಹುಳಿ ನೂರೈವತ್ತು ವರ್ಷದ ಕಂದು ಪದರವನ್ನು ಕರಗಿಸಿ ನಾಣ್ಯದ ಮೈಚರ್ಮವನ್ನೇ ತೆಗೆದುಬಿಡುತ್ತದೆ. ಆಮೇಲೆ ಅದು ಏನು ಮಾಡಿದರೂ ಮರಳುವುದಿಲ್ಲ. ಅವ್ವನಿಗೆ ನಾನು ಏನೂ ಹೇಳಲಿಲ್ಲ, ಇವತ್ತಿನವರೆಗೂ. ಆದರೆ ನಿಮಗೆ ಹೇಳುತ್ತೇನೆ: ಹುಣಸೆಹಣ್ಣು, ನಿಂಬೆ, ವಿಭೂತಿ, ಟೂತ್‌ಪೇಸ್ಟ್, ಏನನ್ನೂ ಮುಟ್ಟಿಸಬೇಡಿ. ಕೊಳೆ ಇದ್ದರೆ ಇರಲಿ. ಅಂಚು ಹಿಡಿದು ಎತ್ತಿ. ಪಿವಿಸಿ ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಇಡಬೇಡಿ, ಕಾಲ ಹೋದಂತೆ ಹಸಿರು ಅಂಟು ಬಿಡುತ್ತದೆ.

ಈ ವರ್ಷ ಊರಿಗೆ ಮರಳುವುದು ಅಂತ ನಿಶ್ಚಯವಾಯಿತು. ಡಬ್ಬಿಯನ್ನು ಹೊತ್ತೊಯ್ಯುವುದೋ ಇಲ್ಲೇ ಮಾರುವುದೋ ಅಂತ ಜನವರಿ ಪೂರ್ತಿ ಯೋಚಿಸಿದೆ. ತೀರ್ಮಾನಕ್ಕೆ ತಂದದ್ದು ನಮ್ಮ ದೇಶದ ಕಾನೂನು. 1972ರ ಪುರಾತನ ವಸ್ತು ಮತ್ತು ಕಲಾ ನಿಧಿಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತುವೇ. ಅಂಥದ್ದನ್ನು ಖಾಸಗಿಯವರು ಭಾರತದಿಂದ ಹೊರಗೆ ಕಳಿಸುವಂತಿಲ್ಲ. ಅಂದರೆ ಒಮ್ಮೆ ಬಳ್ಳಾರಿಗೆ ಒಯ್ದು, ಐದು ವರ್ಷದ ಮೇಲೆ ಲಂಡನ್ ಹರಾಜಿಗೆ ಕಳಿಸೋಣ ಅಂದರೆ ಆಗದು. ಪೆನ್ನಿಯನ್ನು ಬಲ್ಲ ಗಿರಾಕಿಗಳಿರುವುದು ಇಲ್ಲಿ. ಹಾಗಾಗಿ ಇಲ್ಲೇ ಮಾರುವುದು ಅಂತಾಯಿತು.

ಅಷ್ಟರಲ್ಲಿ ಊರಿನ ಬಳಗದಲ್ಲಿ ಸುದ್ದಿ ಹರಡಿ, "1933ರ ಪೆನ್ನಿ ಇದೆಯಾ? ಕೋಟಿ ಬರುತ್ತಂತೆ" ಅಂತ ವಾಟ್ಸ್ಯಾಪಿನಲ್ಲಿ ಶುರುವಾಯಿತು. ಆ ವರ್ಷ ಬ್ರಿಟನ್ನಿನಲ್ಲಿ ಬೇಕಾದಷ್ಟು ಪೆನ್ನಿ ಚಲಾವಣೆಯಲ್ಲಿದ್ದುದರಿಂದ ಹೊಸದನ್ನು ಒತ್ತಲಿಲ್ಲ. ಕಟ್ಟಡಗಳ ಅಡಿಗಲ್ಲಿನ ಕೆಳಗೆ ಆ ವರ್ಷದ ನಾಣ್ಯ ಇಡುವ ಪದ್ಧತಿಗಾಗಿ ಕೈಬೆರಳೆಣಿಕೆಯಷ್ಟು ಮಾತ್ರ ಮಾಡಿದರು. ಲೀಡ್ಸ್‌ನ ಚರ್ಚೊಂದರ ಅಡಿಗಲ್ಲಿನಿಂದ 1970ರಲ್ಲಿ ಒಂದನ್ನು ಕದ್ದೂ ಇದ್ದಾರೆ. ಕಂಡಕ್ಟರ್ ಚೀಲಕ್ಕೆ ಅದು ಬರುವುದುಂಟೇ? ನಿಮ್ಮ ಕೈಗೆ 1933 ಬಂದರೆ ಮೊದಲು ಕೊನೆಯ ಅಂಕಿಯನ್ನು ಲೆನ್ಸಿನಲ್ಲಿ ನೋಡಿ, ಬೇರೆ ಅಂಕಿಯನ್ನು ತಿದ್ದಿದ್ದಿರುತ್ತದೆ. ಊರಿನಲ್ಲಿರುವವರಿಗೆ ಇನ್ನೊಂದು ಮಾತು. ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಅಂತ ಫೋನ್ ಬಂದರೆ ಕತ್ತರಿಸಿಬಿಡಿ. ರಿಸರ್ವ್ ಬ್ಯಾಂಕ್ 2021ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ನಿಜವಾದ ಹರಾಜು ಸಂಸ್ಥೆ ಮಾರಾಟವಾದ ಮೇಲೆ ತನ್ನ ಪಾಲು ಹಿಡಿದುಕೊಳ್ಳುತ್ತದೆ, ಮುಂಗಡ ಕೇಳುವುದಿಲ್ಲ.

ವಿಂಗಡಿಸುವುದಕ್ಕೇ ನಾಲ್ಕು ಭಾನುವಾರ ಹಿಡಿಯಿತು. ಅಡುಗೆಮನೆ ಮೇಜಿನ ಮೇಲೆ ಬಿಳಿ ಟವೆಲ್, ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್, ಗ್ರಾಮಿನ ಹತ್ತನೇ ಒಂದು ತೋರಿಸುವ ತಕ್ಕಡಿ. 1860ರ ನಂತರದ ಕಂಚಿನ ಪೆನ್ನಿ ಸುಮಾರು 9.4 ಗ್ರಾಂ ತೂಗಬೇಕು. ನೋಡಬೇಕಾದ ವರ್ಷಗಳು ಹಲವಿವೆ, ನನ್ನ ಡಬ್ಬಿಯಲ್ಲಿ ಸಿಕ್ಕವನ್ನಷ್ಟೇ ಹೇಳುತ್ತೇನೆ. 1869, ಅಪರೂಪ. 1875ರಲ್ಲಿ 'ಎಚ್' ಇರುವುದು. 1918 ಮತ್ತು 1919ರಲ್ಲಿ ವರ್ಷದ ಎಡಕ್ಕೆ 'ಕೆಎನ್' ಇರುವುದು, ಇದು ಬರ್ಮಿಂಗ್‌ಹ್ಯಾಮಿನದೇ ಕಿಂಗ್ಸ್ ನಾರ್ಟನ್ ಕಾರ್ಖಾನೆಯ ಗುರುತು. 1902ರದ್ದು 'ಲೋ ಟೈಡ್', ಅಂದರೆ ನಾಣ್ಯದ ಹಿಂಬದಿಯಲ್ಲಿ ಕೂತಿರುವ, ಬ್ರಿಟನ್ನಿನ ಪ್ರತೀಕವಾದ ಹೆಣ್ಣು ಬ್ರಿಟಾನಿಯಾಳ ಹಿಂದಿನ ಸಮುದ್ರದ ಗೆರೆ ಮಾಮೂಲಿಗಿಂತ ಕೆಳಗೆ ಇರುವುದು. 1926ರಲ್ಲಿ ಐದನೇ ಜಾರ್ಜ್‌ನ ಮುಖವನ್ನು ತುಸು ತಿದ್ದಿದ ಅಚ್ಚು. ಅದನ್ನು ಗುರುತಿಸಲು ಕತ್ತಿನ ಅಡಿಯಲ್ಲಿರುವ ಶಿಲ್ಪಿಯ ಇನಿಷಿಯಲ್ ನೋಡಬೇಕು, ತಿದ್ದಿದ್ದರಲ್ಲಿ 'ಬಿಎಂ' ಅಕ್ಷರಗಳ ನಡುವೆ ಚುಕ್ಕಿ ಇರುವುದಿಲ್ಲ. 1950 ಮತ್ತು 1951 ಕೂಡ ಕಡಿಮೆ. 1951ರಲ್ಲಿ ಒತ್ತಿದ್ದೇ 1,20,000, ಅವೂ ಬಹುಪಾಲು ಬರ್ಮುಡಾಕ್ಕೆ ಹೋದವು.

ನಾಲ್ಕನೇ ಭಾನುವಾರ ಸಂಜೆ 1882ರದ್ದೊಂದು ಕೈಗೆ ಬಂತು. ವರ್ಷದ ಕೆಳಗೆ 'ಎಚ್' ಇರಲಿಲ್ಲ.

ಇದರ ಮಹತ್ವ ಹೇಳಲೇಬೇಕು. ಆ ವರ್ಷ ಲಂಡನ್ನಿನ ಟಂಕಸಾಲೆಯಲ್ಲಿ ಯಂತ್ರಗಳನ್ನು ಹೊಸದಾಗಿ ಕೂರಿಸುತ್ತಿದ್ದರು. ಹಾಗಾಗಿ 1882ರ ಪೆನ್ನಿಗಳು ಹೆಚ್ಚೂಕಡಿಮೆ ಎಲ್ಲವೂ ಹೀಟನ್ ಕಾರ್ಖಾನೆಯವು, ಎಲ್ಲಕ್ಕೂ 'ಎಚ್' ಇದೆ. 'ಎಚ್' ಇಲ್ಲದ 1882 ವಿಕ್ಟೋರಿಯಾ ಪೆನ್ನಿಗಳಲ್ಲೇ ಬಹು ಅಪರೂಪದ್ದು, ಸವೆದದ್ದಕ್ಕೂ ಸಾವಿರದ ಲೆಕ್ಕದಲ್ಲಿ ಬೆಲೆ. ಲೆನ್ಸ್ ಹಿಡಿದ ನನ್ನ ಕೈ ನಡುಗಿತು. ಗಂಡನನ್ನು ಕರೆದು ತೋರಿಸಿದೆ. ಆ ರಾತ್ರಿ ಇಬ್ಬರೂ ಊರಿನ ಮನೆಯ ಮಾಳಿಗೆ ಸೋರುವುದನ್ನು ಸರಿಮಾಡಿಸುವ ಲೆಕ್ಕ ಹಾಕಿದೆವು.

ಫೆಬ್ರವರಿಯಲ್ಲಿ ಲಂಡನ್ ಹೊರವಲಯದ ಹರಾಜು ಸಂಸ್ಥೆಯೊಂದಕ್ಕೆ ಬರೆದೆ. ಬಂದ ಉತ್ತರದಲ್ಲಿ ಮೊದಲ ಪೆಟ್ಟು: ಮಾರ್ಚ್ ಹರಾಜಿಗೆ ನಾಣ್ಯ ತೆಗೆದುಕೊಳ್ಳುವ ಗಡುವು ಮುಗಿದಿದೆ, ಮುಂದಿನದು ಜೂನ್. ಇಂಥ ಹರಾಜುಗಳು ವರ್ಷಕ್ಕೆ ನಾಲ್ಕೇ ಸಲ, ಕ್ಯಾಟಲಾಗ್ ಅಚ್ಚಾಗಬೇಕಾದ್ದರಿಂದ ಎಂಟು ಹತ್ತು ವಾರ ಮೊದಲೇ ಬಾಗಿಲು ಮುಚ್ಚುತ್ತಾರೆ. ಊರಿಗೆ ಮರಳುವ ತಾರೀಖು ಇಟ್ಟುಕೊಂಡವರು ಕನಿಷ್ಠ ಎಂಟು ತಿಂಗಳು ಮೊದಲೇ ಶುರುಮಾಡಿ.

ಅಂಚೆಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಬೆಲೆಬಾಳುವ ವಸ್ತುವಿಗೆ ಸಾದಾ ರಿಜಿಸ್ಟರಿಗೆ ಪರಿಹಾರ ಸಿಗುವುದಿಲ್ಲ, ಸ್ಪೆಷಲ್ ಡೆಲಿವರಿಯಲ್ಲೇ ಕಳಿಸಬೇಕು. ಎರಡೂವರೆ ಕಿಲೋಗೆ ಅದು ದುಬಾರಿ, ಜೊತೆಗೆ ಆ 1882ರ ಆಸೆ ಬೇರೆ. ರಜೆ ಹಾಕಿ, ಬೆನ್ನಚೀಲದಲ್ಲಿ ಕಟ್ಟಿಕೊಂಡು ನಾನೇ ರೈಲು ಹತ್ತಿದೆ. ದಾರಿಯುದ್ದಕ್ಕೂ ಚೀಲ ತೊಡೆಯ ಮೇಲಿಂದ ಇಳಿಸಲಿಲ್ಲ.

ಅಲ್ಲಿನ ತಜ್ಞರು ಒಳ್ಳೆಯ ಮನುಷ್ಯ. ಚಹಾ ಕೊಟ್ಟು ಕೂರಿಸಿ ಒಂದೊಂದಾಗಿ ನೋಡಿದರು. 1882ನ್ನು ನಾನು ಕೊನೆಗೆ ಕೊಟ್ಟೆ. ಅವರು ಮಾತಾಡದೆ ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಂದು ನಿಮಿಷದ ಮೇಲೆ ಕುರ್ಚಿ ಸರಿಸಿ ನನ್ನನ್ನು ನೋಡಲು ಹೇಳಿದರು. ವರ್ಷದ ಕೆಳಗೆ ಬೆಳಕು ಓರೆಯಾಗಿ ಬಿದ್ದಾಗ ಒಂದು ಕಂಬದ ನೆರಳು ಕಂಡಿತು. 'ಎಚ್' ಅಕ್ಷರದ ಎಡಗಾಲು. ನಾಣ್ಯ ಸವೆದು ಅಕ್ಷರ ಮಾಸಿತ್ತು, ಅಷ್ಟೇ. "ತಿಂಗಳಿಗೊಬ್ಬರು ಇದನ್ನು ತರುತ್ತಾರೆ" ಅಂದರು, ಮೆಲ್ಲಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದನ್ನು ಕೇಳಿದ್ದೆ. ಆ ದಿನ ವಾಪಸ್ ರೈಲಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತಿದ್ದಾಗ ಅದು ಎಂಥ ಭಾವನೆ ಅಂತ ಗೊತ್ತಾಯಿತು.

ದಾಖಲೆಗಳ ವಿಷಯ ಇನ್ನೊಂದು. ಮಾರುವವರ ಗುರುತು, ವಿಳಾಸ ಎರಡನ್ನೂ ಅವರು ಕೇಳುತ್ತಾರೆ. ಅವರ ಹಳೆಯ ಫಾರ್ಮಿನಲ್ಲಿ ಬಯೋಮೆಟ್ರಿಕ್ ನಿವಾಸ ಕಾರ್ಡು ಅಂತ ಇತ್ತು. ಆ ಕಾರ್ಡುಗಳು 2024ರ ಡಿಸೆಂಬರ್ 31ಕ್ಕೇ ಮುಗಿದು ಈಗ ಎಲ್ಲ ಇ-ವೀಸಾ. ಪಾಸ್‌ಪೋರ್ಟ್ ಸಾಕು ಅಂತ ಕಚೇರಿಯವರು ಒಪ್ಪಲು ನಾಲ್ಕು ಇಮೇಲ್ ಬೇಕಾಯಿತು. ವಿಳಾಸಕ್ಕೆ ಕೌನ್ಸಿಲ್ ತೆರಿಗೆಯ ಬಿಲ್ಲು ಕೊಡೋಣ ಅಂದರೆ ಅದು ಗಂಡನ ಹೆಸರಿನಲ್ಲಿ. ಕೊನೆಗೆ ಬ್ಯಾಂಕಿನಿಂದ ಅಂಚೆಯಲ್ಲಿ ತರಿಸಿದ ಸ್ಟೇಟ್‌ಮೆಂಟ್ ನಡೆಯಿತು. ನನ್ನ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಬ್ಯಾಂಕಿನಲ್ಲಿ ಗಂಡನ ಮನೆತನದ ಹೆಸರು. ಆಗ ಯಾರೂ ಅದನ್ನು ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಈ ಸಲ ಪ್ರತಿ ಸಾಲು ಓದಿದೆ. ಮಾರುವವರಿಂದ 15 ಶೇಕಡಾ ಕಮಿಷನ್, ಅದರ ಮೇಲೆ ವ್ಯಾಟ್. ಪ್ರತಿ ಲಾಟಿಗೆ ಫೋಟೋ ಖರ್ಚು 3 ಪೌಂಡ್, ಅದಕ್ಕೂ ವ್ಯಾಟ್, ಮಾರಾಟವಾಗದಿದ್ದರೂ ಕೊಡಬೇಕು. ಕಮಿಷನ್ ಕಡಿಮೆ ಮಾಡುತ್ತೀರಾ ಅಂತ ಕೇಳಬಹುದು. ದೊಡ್ಡ ಸಂಗ್ರಹವಾದರೆ ಇಳಿಸುತ್ತಾರೆ, ನನ್ನದಕ್ಕೆ ಇಳಿಸಲಿಲ್ಲ. ತೆರಿಗೆಯ ಚಿಂತೆ ನನಗೆ ಬರಲಿಲ್ಲ. ಸ್ವಂತ ವಸ್ತುವನ್ನು 6,000 ಪೌಂಡಿನೊಳಗೆ ಮಾರಿದರೆ ಇಲ್ಲಿ ಬಂಡವಾಳ ಲಾಭದ ತೆರಿಗೆ ಇಲ್ಲ.

ಹತ್ತು ಲಾಟ್ ಮಾಡಿದೆವು. ಒಳ್ಳೆಯವು ಬಿಡಿಬಿಡಿಯಾಗಿ ಅಥವಾ ಜೊತೆಯಾಗಿ, ವಿಕ್ಟೋರಿಯಾಳ ತುರುಬಿನ ಮುಖವಿರುವ, ಇಲ್ಲಿನವರು 'ಬನ್ ಹೆಡ್' ಅನ್ನುವ 22 ಪೆನ್ನಿ ಒಂದು ಲಾಟ್, ಉಳಿದ 230 ಸಾಮಾನ್ಯದವು ಒಂದೇ ಚೀಲ. ನಾನು ಮೇಳದಲ್ಲಿ ಕೊಂಡಿದ್ದ 1874ರ ಹೀಟನ್ ಪೆನ್ನಿಯೊಂದಿತ್ತು, ಕಿತ್ತಳೆ ಹೊಳಪು ಅರ್ಧ ಉಳಿದದ್ದು. ಅದಕ್ಕೆ 80 ಪೌಂಡ್ ಕನಿಷ್ಠ ಬೆಲೆ ಇಡಿ ಅಂದರು ತಜ್ಞರು. ನಾನು 120ಕ್ಕೆ ಹಟ ಹಿಡಿದೆ.

ಆಮೇಲೆ ಕಾಯುವುದು. ಮಾರ್ಚ್, ಏಪ್ರಿಲ್ ಎರಡರಲ್ಲೂ ಒಂದು ಸುದ್ದಿಯಿಲ್ಲ. ಮೇ ಕೊನೆಗೆ ಕ್ಯಾಟಲಾಗ್ ಬಂತು. ಅಜ್ಜಿಯ ಟಾಫಿ ಡಬ್ಬಿಯ ನಾಣ್ಯಗಳು ಕಪ್ಪು ಹಿನ್ನೆಲೆಯಲ್ಲಿ, ಲಾಟ್ ಸಂಖ್ಯೆಯೊಂದಿಗೆ. ಅದನ್ನು ವೃದ್ಧಾಶ್ರಮಕ್ಕೆ ಒಯ್ದು ಅಜ್ಜಿಗೆ ತೋರಿಸಿದೆ. ಅವರಿಗೀಗ ನೆನಪು ಸರಿಯಿಲ್ಲ. 1918ರ ನಾಣ್ಯದ ಚಿತ್ರದ ಮೇಲೆ ಬೆರಳಿಟ್ಟು ತುಂಬ ಹೊತ್ತು ಹಾಗೇ ಇದ್ದರು.

ಜೂನಿನ ಹರಾಜನ್ನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಫೋನಿನಲ್ಲಿ ನೋಡಿದೆ. ನಾಲ್ಕು ತಿಂಗಳು ಕಾದದ್ದು ಆರು ನಿಮಿಷದಲ್ಲಿ ಮುಗಿಯಿತು. ಒಂದು ಲಾಟಿಗೆ ಅರ್ಧ ನಿಮಿಷ. 1869ಕ್ಕೆ 75. 1875ಕ್ಕೆ 42. ಕೆಎನ್ ಜೋಡಿಗೆ 80. 1926ಕ್ಕೆ 60, ಲೋ ಟೈಡ್‌ಗೆ 70. 1950, 51ರ ಜೋಡಿಗೆ 65. 1912, 18, 19ರ ಮೂರು ಹೀಟನ್ ಪೆನ್ನಿಗೆ 40. 230ರ ಚೀಲಕ್ಕೆ 38, ಅಂದರೆ ಒಂದಕ್ಕೆ ಹದಿನಾರೂವರೆ ಪೆನ್ಸ್. ಹಟ ಹಿಡಿದಿದ್ದ 1874 ನೂರಹತ್ತರವರೆಗೆ ಏರಿ ನಿಂತಿತು. "ಪಾಸ್", ಅಂದರೆ ಮಾರಾಟವಾಗಲಿಲ್ಲ, ಅಂದು ಹರಾಜುಗಾರ ಮುಂದೆ ಹೋದ. ಹತ್ತು ಪೌಂಡಿನ ಹಟಕ್ಕೆ ನೂರಹತ್ತು ಹೋಯಿತು.

ಆಶ್ಚರ್ಯವಾದದ್ದು ಬನ್ ಹೆಡ್ ಲಾಟ್. 40ರಿಂದ 60 ಅಂದಾಜಿಸಿದ್ದು ಇಬ್ಬರ ಪೈಪೋಟಿಯಲ್ಲಿ 110ಕ್ಕೆ ಹೋಯಿತು. ಯಾಕೆ ಅಂತ ಮನೆಗೆ ಬಂದು ನನ್ನ ಫೋಟೋಗಳನ್ನು ಹಿಗ್ಗಿಸಿ ನೋಡಿದೆ. ಅದರಲ್ಲಿದ್ದ 1860ರ ಪೆನ್ನಿಯ ಅಂಚಿನಲ್ಲಿ ಹಲ್ಲುಗಳ ಬದಲು ಮಣಿಗಳ ಸಾಲಿತ್ತು. ಕಂಚಿನ ಪೆನ್ನಿ ಶುರುವಾದ ವರ್ಷ ಮೊದಲು ಮಣಿಯಂಚು ಮಾಡಿ, ಅದೇ ವರ್ಷದಲ್ಲೇ ಹಲ್ಲಿನಂಚಿಗೆ ಬದಲಾಯಿಸಿದ್ದರು. ಮಣಿಯಂಚಿನದಕ್ಕೆ ಬೇರೆಯೇ ಗಿರಾಕಿಗಳಿದ್ದಾರೆ. ನಾನು ಅಂಚನ್ನು ನೋಡಿಯೇ ಇರಲಿಲ್ಲ. ನೀವು 1860 ಸಿಕ್ಕರೆ ಮೊದಲು ಅಂಚನ್ನೇ ನೋಡಿ.

ಒಟ್ಟು 580 ಪೌಂಡ್. ಕಮಿಷನ್ 87, ಅದರ ವ್ಯಾಟ್ 17.40, ಹತ್ತು ಲಾಟಿನ ಫೋಟೋ ವ್ಯಾಟ್ ಸೇರಿ 36. ಉಳಿದದ್ದು 439.60. ಒಂದೇ ನಾಣ್ಯದ ಲೆಕ್ಕ ತೆಗೆದು ನೋಡಿದರೆ ಸ್ಪಷ್ಟವಾಗುತ್ತದೆ. 1869ಕ್ಕೆ ಸುತ್ತಿಗೆ ಬಿದ್ದದ್ದು 75ಕ್ಕೆ. ಕೊಂಡವರು ಪ್ರೀಮಿಯಂ ಸೇರಿಸಿ ಕೊಟ್ಟದ್ದು 96.60. ನನ್ನ ಕೈಗೆ ಬಂದದ್ದು 57.90. ನಡುವಿನ 38.70 ಸಂಸ್ಥೆಗೆ ಮತ್ತು ಸರ್ಕಾರಕ್ಕೆ. ಬೆಲೆಪಟ್ಟಿಯ ಪುಸ್ತಕದಲ್ಲಿ ಕಾಣುವ ಬೆಲೆ ವ್ಯಾಪಾರಿ ತನ್ನ ಅಂಗಡಿಯಲ್ಲಿ ಹೇಳುವ ಬೆಲೆ, ಅದನ್ನು ನೋಡಿ ಲೆಕ್ಕ ಹಾಕಬೇಡಿ. ಹಿಂದಿನ ಹರಾಜುಗಳ ಫಲಿತಾಂಶ ಸಂಸ್ಥೆಗಳ ತಾಣಗಳಲ್ಲೇ ಉಚಿತವಾಗಿ ಸಿಗುತ್ತವೆ, ಅವನ್ನು ನೋಡಿ, ಅದರಲ್ಲೂ ನೂರಕ್ಕೆ ಇಪ್ಪತ್ತೈದು ಕಳೆಯಿರಿ. ಇಷ್ಟೆಲ್ಲ ಆದರೂ, 230ರ ಚೀಲವೊಂದನ್ನು ಬಿಟ್ಟರೆ, ಹರಾಜಿಗೆ ಕೊಟ್ಟದ್ದು ನನಗೆ ತಪ್ಪೆನಿಸಲಿಲ್ಲ. ಮೇಳದ ವ್ಯಾಪಾರಿಗಳು ಇವೇ ಒಂಬತ್ತು ಲಾಟಿಗೆ ಒಟ್ಟು 300 ಹೇಳಿದ್ದರು.

ಹಣ ಜುಲೈ ಮಧ್ಯಕ್ಕೆ ಬರಬೇಕಿತ್ತು. ಕೊಂಡವರು ಕಟ್ಟಿದ ಮೇಲೆ, ಹರಾಜಾದ ನಾಲ್ಕೈದು ವಾರಕ್ಕೆ ಮಾರಿದವರಿಗೆ ಕೊಡುವುದು ಪದ್ಧತಿ. ಬರಲಿಲ್ಲ. ಫೋನ್ ಮಾಡಿದರೆ, ಕಳಿಸಲು ಹೋದಾಗ ಖಾತೆಯ ಹೆಸರು ತಾಳೆಯಾಗಲಿಲ್ಲ, ನಿಲ್ಲಿಸಿದ್ದೇವೆ ಅಂದರು. ಇಲ್ಲಿ ಹಣ ಕಳಿಸುವ ಮುನ್ನ ಬ್ಯಾಂಕು ಪಡೆಯುವವರ ಹೆಸರನ್ನು ಹೋಲಿಸಿ ನೋಡುತ್ತದೆ. ಒಪ್ಪಂದದಲ್ಲಿ ಪಾಸ್‌ಪೋರ್ಟಿನ ಹೆಸರು, ಖಾತೆಯಲ್ಲಿ ಇನ್ನೊಂದು. ಮದುವೆ ಪ್ರಮಾಣಪತ್ರ ಬಳ್ಳಾರಿಯಲ್ಲಿ ಬೀರುವಿನೊಳಗಿತ್ತು. ತಮ್ಮ ಅದನ್ನು ಹುಡುಕಿ ಸ್ಕ್ಯಾನ್ ಮಾಡಿ ಕಳಿಸಿ, ಅವರು ಒಪ್ಪಿ, ಮತ್ತೆ ಹಣ ಹೊರಡುವಷ್ಟರಲ್ಲಿ ಮೂರು ವಾರ. ನಮ್ಮಲ್ಲಿ ಇನಿಷಿಯಲ್ಲು, ಅಪ್ಪನ ಹೆಸರು, ಊರ ಹೆಸರು ಎಲ್ಲ ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಇರುತ್ತವೆ. ಫಾರ್ಮ್ ತುಂಬುವ ದಿನವೇ ಬ್ಯಾಂಕ್ ಖಾತೆಯಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ಹಣ ಪಡೆಯುವವರ ಕಾಲಂನಲ್ಲಿ ಬರೆಯಿರಿ.

1874ನ್ನೂ, 1882ನ್ನೂ ಮೊನ್ನೆ ಹೋಗಿ ತಂದೆ. 1874 ಮುಂದಿನ ತಿಂಗಳ ಮೇಳದಲ್ಲಿ ಹೋಗಬಹುದು, 90 ಬಂದರೆ ಕೊಡುತ್ತೇನೆ. 1882ನ್ನು ಅಜ್ಜಿಗೆ ಕೊಟ್ಟೆ, ಅವರ ಮಂಚದ ಪಕ್ಕದ ಡ್ರಾಯರಿನಲ್ಲಿದೆ.

ಅವ್ವ ತಿಕ್ಕಿದ ಹದಿನಾಲ್ಕನ್ನು ನಾನು ಹರಾಜಿಗೆ ಕೊಟ್ಟಿರಲಿಲ್ಲ. ಅವು ಅಂದಿನಿಂದಲೂ ದೇವರ ತಟ್ಟೆಯಲ್ಲೇ ಇವೆ. ನಿನ್ನೆ ಸಾಮಾನು ಕಟ್ಟುವಾಗ ತೆಗೆದು ನೋಡಿದೆ. ಮೂರು ವರ್ಷದ ದೀಪದ ಹೊಗೆಗೂ ಎಣ್ಣೆಗೂ 1864ರ ಹೊಳಪು ಇಳಿದು ಕಂದು ತಿರುಗುತ್ತಿದೆ, ರಾಣಿಯ ತುರುಬಿನ ಸಂದಿಯಲ್ಲಿ ಕುಂಕುಮ ಕೂತಿದೆ. ಅದನ್ನು ಒರೆಸದೆ ಹಾಗೇ ಬಟ್ಟೆಯಲ್ಲಿ ಸುತ್ತಿ ಬಳ್ಳಾರಿಯ ಪೆಟ್ಟಿಗೆಗೆ ಹಾಕಿದೆ.